ಗಿಫ್ಟಾ, ಸಾಲನಾ? ಪ್ರೀತಿಸಿದವನಿಂದ ದುಡ್ಡು ವಾಪಸ್ ಪಡೆದ 17 ತಿಂಗಳು

ಮೊನ್ನೆ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಡ್ಯೂಟಿ ರೂಮಿನ ಬಾಗಿಲು ಹಾಕಿಕೊಂಡು ಬಂದು ಕೂತಳು. "ಅಕ್ಕ, ನೀವು ಎಲ್ಲಿಂದ ಶುರು ಮಾಡಿದ್ರಿ?" ಅಂತ ಕೇಳಿದಳು. ಏನು, ಎತ್ತ ಅಂತ ನಾನು ಕೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಸರದಲ್ಲಿ ಅವಳಿಗೆ ಹೇಳೋಕೆ ಮರೆತದ್ದೂ ಇದರಲ್ಲಿದೆ.

ನಾನು ಸ್ಟಾಫ್ ನರ್ಸ್. ಅವನು ಗೊತ್ತಿದ್ದವರ ಕಡೆಯಿಂದ ಪರಿಚಯ ಆದವನು. ಚೆನ್ನಾಗಿ ಮಾತಾಡುತ್ತಿದ್ದ. ಸ್ವಂತದ್ದೊಂದು ಬಿಸಿನೆಸ್ ಶುರು ಮಾಡುವವನಿದ್ದ. ನನಗೆ ಗೊತ್ತಿದ್ದ 14 ತಿಂಗಳೂ ಶುರು ಮಾಡುವವನೇ ಆಗಿದ್ದ. ಮೂರನೇ ಸಲ ಸಿಕ್ಕಾಗ, "ನಿಮ್ಮಲ್ಲಿ ಸಂಬಳ 1ನೇ ತಾರೀಕೇ ಬರುತ್ತಾ, ಇಲ್ಲ ಲೇಟಾಗುತ್ತಾ?" ಅಂತ ಕೇಳಿದ. ಪಾಪ, ನನ್ನ ಕಷ್ಟ ಸುಖ ವಿಚಾರಿಸ್ತಿದಾನೆ ಅಂದುಕೊಂಡೆ.

ಮೊದಲು ಕೇಳಿದ್ದು 1,500. ಎರಡೇ ದಿನಕ್ಕೆ ವಾಪಸ್ ಕೊಟ್ಟ. ಆಮೇಲೆ 3,000, ಅದನ್ನೂ ಕೊಟ್ಟ. ಅಲ್ಲಿಗೆ ನನ್ನ ಲೆಕ್ಕದಲ್ಲಿ ಅವನು ನಂಬಿಕಸ್ಥ. ಆಮೇಲೆ ಕೊಟ್ಟದ್ದು ಯಾವುದೂ ಹಾಗೆ ತಾನಾಗಿ ತಿರುಗಿ ಬರಲಿಲ್ಲ. ರೂಮಿನ ಅಡ್ವಾನ್ಸ್‌ಗೆ 30,000. ಬೈಕಿನ ಡೌನ್ ಪೇಮೆಂಟ್‌ಗೆ 45,000. ನಡುವೆ 500, 800, 2,000, ಪೆಟ್ರೋಲು, ರೀಚಾರ್ಜು. ಹುಟ್ಟುಹಬ್ಬಕ್ಕೆ ಒಂದು ಫೋನು.

ದೊಡ್ಡದು ಪರ್ಸನಲ್ ಲೋನ್. 2 ಲಕ್ಷ, 36 ತಿಂಗಳು, ತಿಂಗಳಿಗೆ 6,835 ಇಎಂಐ. ಬ್ಯಾಂಕಿಗೆ ಹೋಗುವ ಕೆಲಸವೂ ಇರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ, ಕಣ್ಣು ಉರಿಯುತ್ತಿತ್ತು. ಅವನು ಪಕ್ಕದಲ್ಲೇ ಕೂತಿದ್ದ. ಆ್ಯಪ್‌ನಲ್ಲಿ 'ಸಾಲದ ಉದ್ದೇಶ' ಅಂತ ಒಂದು ಕಾಲಂ ಬಂತು. ಚಿಕಿತ್ಸೆ, ಪ್ರವಾಸ, ಮನೆ ರಿಪೇರಿ, ಮದುವೆ, ಇತರೆ. ನಾನು ಏನು ಒತ್ತಲಿ ಅಂತ ಯೋಚಿಸುವಷ್ಟರಲ್ಲಿ ಅವನು ನನ್ನ ಭುಜದ ಮೇಲಿಂದ ಕೈ ಚಾಚಿ 'ಮದುವೆ' ಒತ್ತಿದ. ಇಬ್ಬರೂ ನಕ್ಕೆವು. ಅರ್ಧ ಗಂಟೆಯಲ್ಲಿ ದುಡ್ಡು ನನ್ನ ಅಕೌಂಟಿಗೆ ಬಂತು, ಸಂಜೆಯೊಳಗೆ ಅವನ ಅಕೌಂಟಿಗೆ ಹೋಯಿತು. "ಇಎಂಐ ನಾನು ಕಟ್ತೀನಿ ಕಣೇ, ನೀನು ಟೆನ್ಷನ್ ತಗೋಬೇಡ" ಅಂದ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸಾಲ ನಿಮ್ಮ ಹೆಸರಲ್ಲಿದ್ದರೆ ಅದು ನಿಮ್ಮ ಸಾಲ. ದುಡ್ಡು ಯಾರು ಖರ್ಚು ಮಾಡಿದರು ಅನ್ನೋದು ಬ್ಯಾಂಕಿಗೆ ಬೇಕಾಗಿಲ್ಲ. ಅವನ ಮೇಲಿನ ಸಿಟ್ಟಿಗೆ ಇಎಂಐ ನಿಲ್ಲಿಸಿದರೆ ಹಾಳಾಗೋದು ನಿಮ್ಮ ಕ್ರೆಡಿಟ್ ಸ್ಕೋರ್, ಅವನದಲ್ಲ. ನನಗೂ ಒಂದು ತಿಂಗಳು ನಿಲ್ಲಿಸಿಬಿಡೋಣ ಅನ್ನಿಸಿತ್ತು. ನಿಲ್ಲಿಸಲಿಲ್ಲ, ಅದೊಂದು ಒಳ್ಳೆಯದಾಯಿತು.

ಮೂರು ತಿಂಗಳು ಕಾದೆ. ಒಮ್ಮೆ ಸ್ವಲ್ಪ ಜೋರಾಗಿ ಕೇಳಿದ್ದಕ್ಕೆ 10,000 ಕಳಿಸಿದ. ಜೊತೆಗೆ ಒಂದು ಮೆಸೇಜ್: "ಈ ತಿಂಗಳು ಇಷ್ಟೇ ಆಗಿದ್ದು. ಲೋನಿನ ಉಳಿದಿದ್ದು ಆಮೇಲೆ ಕೊಡ್ತೀನಿ." ಆಗ ಆ ಮೆಸೇಜ್ ನೋಡಿ ಬೇಜಾರಾಗಿತ್ತು. ಮುಂದೆ ನನ್ನ ಕೈ ಹಿಡಿದದ್ದು ಅದೇ.

ಮುರಿದದ್ದು ಒಂದು 'ಇಲ್ಲ'ದಿಂದ. ಅವನು 60,000 ಕೇಳಿದ. ಈ ಸಲ ಸಂಬಳ ಲೇಟು, ಆಗಲ್ಲ ಅಂದೆ. ನಿಜಕ್ಕೂ ಲೇಟಾಗಿತ್ತು, ಪರೀಕ್ಷೆ ಗಿರೀಕ್ಷೆ ಏನೂ ಮಾಡಿದ್ದಲ್ಲ. 18 ದಿನ ಫೋನಿಲ್ಲ, ಮೆಸೇಜಿಲ್ಲ. ನನಗೆ ಜ್ವರ ಬಂದು ಎರಡು ದಿನ ಮಲಗಿದ್ದೆ, ಆಗಲೂ ಇಲ್ಲ. ಸಂಬಳ ಬಂದ ಮಾರನೇ ದಿನ ಬೆಳಿಗ್ಗೆ "ಹಾಯ್ ಬಂಗಾರ" ಅಂತ ಬಂತು. ಅದನ್ನು ನೋಡಿ ಅಳು ಬರಲಿಲ್ಲ, ಒಂಥರಾ ಹೊಟ್ಟೆ ತೊಳಸಿದ ಹಾಗಾಯಿತು. ನಾನು ಬರೆದದ್ದು ಒಂದೇ ಸಾಲು: ಮೊದಲು ತಗೊಂಡಿದ್ದನ್ನ ಕೊಡು.

"ಪ್ರೀತಿಯಲ್ಲಿ ಯಾರಾದ್ರೂ ಲೆಕ್ಕ ಇಡ್ತಾರಾ?" ಅಂದ. ನಾಲ್ಕು ದಿನ ಜಗಳ ಆಯಿತು. ಐದನೇ ದಿನ ಬ್ಲಾಕ್ ಮಾಡಿದ.

ಆ ನಾಲ್ಕು ದಿನದಲ್ಲಿ ನಾನು ಮಾಡಿದ ತಪ್ಪು ಯಾರೂ ಮಾಡಬೇಡಿ. ಬಾಯಿಗೆ ಬಂದದ್ದೆಲ್ಲ ಟೈಪ್ ಮಾಡಿದೆ. "ನಿನ್ನ ಆಫೀಸಿಗೆ ಬಂದು ಮರ್ಯಾದೆ ತೆಗೀತೀನಿ" ಅಂತಲೂ ಬರೆದೆ. ಅವನಿಗೆ ಆಫೀಸೇ ಇರಲಿಲ್ಲ, ಅದು ಬೇರೆ ಮಾತು. ಆ ಮೆಸೇಜುಗಳು ಎಂಟು ತಿಂಗಳ ಮೇಲೆ ಪ್ರಿಂಟ್ ಆಗಿ ನನ್ನ ಮುಂದೆಯೇ ಬಂದವು. ಬಯ್ಯುವ ಆಸೆ ಇದ್ದರೆ ಗೆಳತಿಗೆ ಫೋನ್ ಮಾಡಿ ಬಯ್ಯಿರಿ. ಅವನಿಗೆ ಬರೆಯೋದಾದರೆ "ನಿನಗೆ ಕೊಟ್ಟ ಇಷ್ಟು ಸಾಲ ಯಾವಾಗ ಕೊಡ್ತೀಯ?" ಅಂತ ಮಾತ್ರ ಬರೆಯಿರಿ. ಅದಕ್ಕೆ ಅವನು "ಮುಂದಿನ ತಿಂಗಳು" ಅಂತ ಉತ್ತರ ಕೊಟ್ಟರೂ ಸಾಕು, ನಿಮ್ಮ ಕೈಗೊಂದು ದಾಖಲೆ ಸಿಕ್ಕ ಹಾಗೆ.

ಮನೆಯಲ್ಲಿ ಹೇಳೋಕೆ ಒಂದು ತಿಂಗಳು ಹಿಡಿಯಿತು. ಅಮ್ಮ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಬರೀ ದುಡ್ಡು ತಾನೆ ಹೋಗಿದ್ದು?" ಅಂತ ಎರಡು ಸಲ ಕೇಳಿದಳು. ಹೂಂ ಅಂದೆ. "ಹಾಗಾದ್ರೆ ಹೋಗಿ ಕೇಳು" ಅಂದಳು.

ಮೊದಲು ಹೋದದ್ದು ಪೊಲೀಸ್ ಸ್ಟೇಷನ್‌ಗೆ. ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಬರೆದುಕೊಂಡು ಹೋದ ದೂರು ಓದಿದವರು, "ಏನಮ್ಮಾ, ನೀವಾಗೇ ಕಳಿಸಿದೀರಲ್ಲ" ಅಂದರು. ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ವಕೀಲರು ಬಿಡಿಸಿ ಹೇಳಿದ ಮೇಲೆ ಅರ್ಥ ಆಯಿತು. ತಗೊಂಡ ಸಾಲ ತೀರಿಸದೇ ಇರೋದು ಅಷ್ಟಕ್ಕೇ ವಂಚನೆಯ ಅಪರಾಧ ಆಗಲ್ಲ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ ವಂಚನೆ ಅನ್ನಿಸಿಕೊಳ್ಳಬೇಕಾದರೆ, ದುಡ್ಡು ಕೇಳುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅವನ ಮನಸ್ಸಲ್ಲಿ ಮೊದಲಿಂದಲೂ ಅದೇ ಇತ್ತು ಅಂತ ನನಗೆ ಗೊತ್ತು, ಆದರೆ ನನಗೆ ಗೊತ್ತಿರೋದು ಸಾಕ್ಷಿ ಅಲ್ಲವಲ್ಲ. ಇದು ಸಿವಿಲ್ ವಿಷಯ ಅಂತ ಹಿಂಬರಹ ಕೊಟ್ಟು ಕಳಿಸಿದರು. ಆ ಹಿಂಬರಹ ಕೇಳಿ ಇಸಿದುಕೊಳ್ಳಿ, ಬರಿಗೈಲಿ ಬರಬೇಡಿ.

(ಮುಖವೇ ನೋಡದ, ಆನ್‌ಲೈನ್‌ನಲ್ಲಷ್ಟೇ ಪರಿಚಯ ಆದ ಯಾರಿಗೋ ದುಡ್ಡು ಕಳಿಸಿದ್ದರೆ ನಿಮ್ಮ ದಾರಿ ಬೇರೆ. ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೂ ಆ ಅಕೌಂಟಿನಲ್ಲೇ ಇದ್ದರೆ ತಡೆಹಿಡಿಯುವ ಅವಕಾಶ ಇರುತ್ತೆ. ಅಲ್ಲಿ ಗಂಟೆಗಳ ಲೆಕ್ಕ, ನನ್ನ ಹಾಗೆ ತಿಂಗಳುಗಳದಲ್ಲ.)

ಆಮೇಲೆ ಒಬ್ಬ ವಕೀಲರನ್ನು ಕಂಡೆ. ಅವರು ಕೇಳಿದ ಮೊದಲ ಪ್ರಶ್ನೆ, "ಚೆಕ್ ಏನಾದ್ರೂ ಕೊಟ್ಟಿದಾನಾ?" ಇಲ್ಲ ಅಂದೆ. "ಕೊಟ್ಟಿದ್ರೆ ಸುಲಭ ಇತ್ತು" ಅಂದರು. ಚೆಕ್ ಇದ್ದವರಿಗೆ ಹೇಳುತ್ತೇನೆ, ತಾರೀಕುಗಳು ಬಿಗಿ ಇವೆ. ಚೆಕ್ ಮೇಲಿನ ದಿನಾಂಕದಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ದುಡ್ಡಿಲ್ಲ ಅಂತ ಬೌನ್ಸ್ ಆದರೆ, ಆ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡೋಕೆ ಅವನಿಗೆ 15 ದಿನ. ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ನೀವು ಕೋರ್ಟಿಗೆ ದೂರು ಹಾಕಬೇಕು. ಇದು ಚೆಕ್‌ಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್, ಎರಡು ವರ್ಷದವರೆಗೆ ಜೈಲು ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಎರಡೂ ಆಗಬಹುದು.

ಎರಡನೇ ಪ್ರಶ್ನೆ: "ಕೊಟ್ಟು ಎಷ್ಟು ದಿನ ಆಯ್ತು?" ಬಾಯಿಮಾತಿನ ಸಾಲಕ್ಕೆ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿಯೊಳಗೆ ಅವನು ಬಾಕಿ ಇದೆ ಅಂತ ಬರೆದು ಸಹಿ ಹಾಕಿಕೊಟ್ಟರೆ, ಆ ದಿನದಿಂದ ಮತ್ತೆ 3 ವರ್ಷ. ನನ್ನದು ಇನ್ನೂ ಅವಧಿಯೊಳಗೇ ಇತ್ತು. "ಪಾಪ, ಇವತ್ತಲ್ಲ ನಾಳೆ ಕೊಡ್ತಾನೆ" ಅಂತ ಕಾಯುವವರು ಈ ತಾರೀಕನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮೂರನೇ ಪ್ರಶ್ನೆಗೆ ನಾನು ತಡವರಿಸಿದೆ. ಸ್ಟೇಟ್‌ಮೆಂಟಿನ ಮೇಲೆ ಪೆನ್ನು ಓಡಿಸುತ್ತಾ, "ಇದು ಗಿಫ್ಟಾ, ಸಾಲನಾ?" ಅಂದರು. ಬೈಕಿನ 45,000ದ ಸಾಲು ಅದು. ಯುಪಿಐನಲ್ಲಿ ಷರಾ ಬರೆಯುವ ಜಾಗ ಇರುತ್ತಲ್ಲ, ಅಲ್ಲಿ ನಾನು "ನನ್ ಹೀರೋಗೆ" ಅಂತ ಬರೆದಿದ್ದೆ. ಬೇರೆ ಹಲವು ಕಡೆ ಬರೀ ಹೃದಯದ ಚಿತ್ರ. "ನೋಡಿಮ್ಮಾ, ಅವರ ಕಡೆ ವಕೀಲರು ಇದನ್ನೇ ಹಿಡ್ಕೋತಾರೆ. ಪ್ರೀತಿಯಿಂದ ಕೊಟ್ಟಿದ್ದು, ಗಿಫ್ಟು ಅಂತಾರೆ. ಗಿಫ್ಟ್ ಕೊಟ್ಟ ಮೇಲೆ ವಾಪಸ್ ಕೇಳೋಕಾಗಲ್ಲ." ಅವನು ನನ್ನನ್ನು ಪ್ರೀತಿಸಿದನಾ, ಮೋಸ ಮಾಡಿದನಾ ಅಂತ ಅವರು ಒಂದು ಸಲವೂ ಕೇಳಲಿಲ್ಲ. ನಾನು ಹೇಳಬೇಕು ಅಂತ ಹೋಗಿದ್ದ ಕಥೆಯೆಲ್ಲ ಗಂಟಲಲ್ಲೇ ಉಳಿಯಿತು. ಮನೆಗೆ ಹೋಗಿ ಪಟ್ಟಿ ಮಾಡಿಕೊಂಡು ಬನ್ನಿ ಅಂದರು.

ಈ ಇಡೀ 17 ತಿಂಗಳಲ್ಲಿ ಅತಿ ಕಷ್ಟದ ಕೆಲಸ ಆ ಪಟ್ಟಿ. ಎರಡು ಭಾನುವಾರ ಹಿಡಿಯಿತು. ಅಮ್ಮ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತು ಮೊತ್ತ ಓದುತ್ತಿದ್ದಳು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಒಟ್ಟು 61 ಸಲ ಕಳಿಸಿದ್ದೆ, 4,12,600 ರೂಪಾಯಿ. ಪ್ರತಿಯೊಂದರ ತಾರೀಕು ಹಿಡಿದು ಆ ದಿನದ ಚಾಟ್ ತೆರೆದು ಓದಬೇಕು. ಅವನು ಏನಂತ ಕೇಳಿದ, ನಾನು ಏನಂತ ಕೊಟ್ಟೆ. "ವಾಪಸ್ ಕೊಡ್ತೀನಿ" ಅಂದಿದ್ದರೆ ಒಂದು ಕಡೆ. ಸುಮ್ನೆ ಖುಷಿಗೆ ಕೊಟ್ಟಿದ್ದರೆ ಇನ್ನೊಂದು ಕಡೆ. ಇಬ್ಬರೂ ಸೇರಿ ಓಡಾಡಿದ್ದು, ಟಿಕೆಟ್ಟು ಇತ್ಯಾದಿ ಮತ್ತೊಂದು ಕಡೆ.

ಬರೆಯುತ್ತಾ ಹೋದ ಹಾಗೆ ಬೇರೆ ಒಂದು ಕಾಣಿಸಿತು. ತಿಂಗಳ ಮೊದಲ ವಾರದ ಚಾಟ್ ಉದ್ದ, ಕೊನೆಯ ವಾರದ್ದು ಚಿಕ್ಕದು. "ಊಟ ಆಯ್ತಾ, ಮಲಗಿದ್ಯಾ, ನೈಟ್ ಡ್ಯೂಟಿಲಿ ಚಳಿ ಇದ್ಯಾ" ಎಲ್ಲ 1ರಿಂದ 8ರೊಳಗೆ. ಅಮ್ಮನಿಗೆ ಅದನ್ನು ಹೇಳಲಿಲ್ಲ. 299 ರೂಪಾಯಿಯ ರೀಚಾರ್ಜ್ ಸಾಲುಗಳು ಬಂದಾಗ ಮಾತ್ರ ತಡೆಯಲಾಗಲಿಲ್ಲ. ನನಗೆ ಫೋನ್ ಮಾಡಲಿ ಅಂತ ನಾನೇ ಹಾಕಿಸುತ್ತಿದ್ದ ರೀಚಾರ್ಜ್ ಅದು. ಲಕ್ಷ ಹೋದದ್ದಕ್ಕೆ ಅಳದವಳು ಅದಕ್ಕೆ ಅತ್ತೆ.

ಕೊನೆಗೆ ಸಾಲ ಅಂತ ಧೈರ್ಯವಾಗಿ ಹೇಳಬಹುದಾದದ್ದು ಮೂರೇ: 2 ಲಕ್ಷದ ಲೋನ್, ಬೈಕು, ರೂಮಿನ ಅಡ್ವಾನ್ಸ್. ಒಟ್ಟು 2,75,000. ಅವನು ಕೊಟ್ಟ 10,000 ಕಳೆದರೆ 2,65,000. ಉಳಿದ 1,37,600 ಮತ್ತು ಆ ಫೋನು ಬಿಟ್ಟುಬಿಟ್ಟೆ. ಅಮ್ಮನಿಗೆ ಸಂಕಟ. ಆದರೆ ವಕೀಲರು ಹೇಳಿದ್ದು ಸರಿ ಇತ್ತು. ಎಲ್ಲವನ್ನೂ ಸಾಲ ಅಂತ ಕೇಳಿದರೆ, ನಿಜವಾದ ಸಾಲವನ್ನೂ ಯಾರೂ ನಂಬಲ್ಲ. ಆ 10,000 ಮತ್ತು ಜೊತೆಗಿನ ಮೆಸೇಜ್ ನೋಡಿ ಅವರ ಮುಖ ಅರಳಿತು. "ಗಿಫ್ಟ್ ಇಸ್ಕೊಂಡೋನು ಯಾಕಮ್ಮಾ ಕಂತಲ್ಲಿ ವಾಪಸ್ ಕೊಡ್ತಾನೆ?"

ದಾಖಲೆಗಳ ವಿಷಯ ಸ್ವಲ್ಪ ಹೇಳಬೇಕು. ಮೊಬೈಲಿನ ಸ್ಕ್ರೀನ್‌ಶಾಟ್ ಸಾಕು ಅಂದುಕೊಂಡಿದ್ದೆ, ಸಾಲದು. ಬ್ಯಾಂಕಿನ ಶಾಖೆಗೆ ಹೋಗಿ ಸೀಲು, ಸಹಿ, ದೃಢೀಕರಣ ಇರುವ ಸ್ಟೇಟ್‌ಮೆಂಟ್ ಬೇಕು ಅಂತ ಬರೆದು ಕೊಟ್ಟೆ. ಎರಡು ಸಲ ಓಡಾಡಿಸಿದರು. ವಾಟ್ಸ್ಆ್ಯಪ್ ಚಾಟನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಬೇಕಾದರೆ ಅದರ ಜೊತೆ ಒಂದು ಪ್ರಮಾಣಪತ್ರ ಇರಬೇಕು. ಮೊದಲು ಅದನ್ನು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದ ಮೇಲೆ ಅದು 63ನೇ ಸೆಕ್ಷನ್ನಿನ ಪ್ರಮಾಣಪತ್ರ. ಎರಡು ಭಾಗ ಇರುತ್ತೆ, ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಅದಕ್ಕಿಂತ ಮುಖ್ಯ, ಮೂಲ ಚಾಟ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. "ಅವನ ಮೆಸೇಜ್ ಕಣ್ಣಿಗೆ ಬೀಳೋದೇ ಬೇಡ" ಅಂತ ಡಿಲೀಟ್ ಅಂತೂ ಮಾಡಲೇಬೇಡಿ. ನಾನು ಆರ್ಕೈವ್ ಮಾಡಿ ಇಟ್ಟಿದ್ದೆ.

ಲೀಗಲ್ ನೋಟಿಸ್‌ಗೆ 2,500 ಕೊಟ್ಟೆ. ವಿಳಾಸ ಹೇಳಿ ಅಂದರು. ನನಗೆ ಗೊತ್ತೇ ಇರಲಿಲ್ಲ! 14 ತಿಂಗಳು ಪ್ರೀತಿಸಿದವನ ಮನೆ ನಂಬರ್ ಗೊತ್ತಿಲ್ಲ. ನೀಲಿ ಗೇಟು, ಮೊದಲ ಮಹಡಿ, ಅಷ್ಟೇ. ಆ ರೂಮಿಗೆ ಕಳಿಸಿದ ನೋಟಿಸ್ 'ಖಾಲಿ ಮಾಡಿದ್ದಾರೆ' ಅನ್ನುವ ಷರಾ ಹೊತ್ತು ವಾಪಸ್ ಬಂತು. ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ನೆನಪಾದದ್ದು, ಅಡ್ವಾನ್ಸ್ ಕೇಳುವಾಗ ನನಗೆ ನಂಬಿಕೆ ಬರಲಿ ಅಂತ ಬಾಡಿಗೆ ಕರಾರಿನ ಫೋಟೋ ಕಳಿಸಿದ್ದ. ದೊಡ್ಡದು ಮಾಡಿ ನೋಡಿದರೆ ಅದರಲ್ಲಿ ಅವನ ಅಪ್ಪನ ಹೆಸರು, ಊರಿನ ಕಾಯಂ ವಿಳಾಸ. ಎರಡನೇ ನೋಟಿಸ್ ಅಲ್ಲಿಗೆ ಹೋಯಿತು.

ಐದನೇ ದಿನ ಗೊತ್ತಿಲ್ಲದ ನಂಬರಿಂದ ಫೋನ್. ವಯಸ್ಸಾದವರ ದನಿ. "ಏನಮ್ಮಾ ಇದು, ಕೋರ್ಟಿಂದ ಬಂದಿದೆಯಲ್ಲ." ಕೋರ್ಟಿಂದ ಅಲ್ಲ ಯಜಮಾನ್ರೇ, ವಕೀಲರಿಂದ ಅಂದೆ. ನಿಧಾನಕ್ಕೆ ಎಲ್ಲ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಅವನು ನಮಗೂ ಕೊಡಬೇಕಮ್ಮಾ" ಅಂದರು. ನನಗೆ ನಗು ಬಂತು, ಆ ಮನುಷ್ಯನ ಮೇಲೆ ಅಯ್ಯೋ ಅನ್ನಿಸಿತು. ಅವರಿಗೆ ಮತ್ತೆ ನಾನು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ಮನೆಯವರನ್ನು ಮಧ್ಯ ಎಳೆಯೋದು ಬೇಡ ಅಂತ ವಕೀಲರೂ ಹೇಳಿದ್ದರು. ಸಾಲ ಅವನದು, ಅವನ ಅಪ್ಪನದಲ್ಲ.

ಇಪ್ಪತ್ತು ದಿನಕ್ಕೆ ಅವನ ವಕೀಲರ ಉತ್ತರ ಬಂತು. ನಮ್ಮವರು ಹೇಳಿದ ಹಾಗೇ ಇತ್ತು: ಸ್ವಇಚ್ಛೆಯಿಂದ, ಪ್ರೀತಿ ವಿಶ್ವಾಸದಿಂದ ನೀಡಿದ ಉಡುಗೊರೆ.

ಸಿವಿಲ್ ದಾವೆ ಹಾಕಿದರೆ ಮೊತ್ತಕ್ಕೆ ತಕ್ಕ ಕೋರ್ಟ್ ಫೀ, ವಕೀಲರ ಫೀ, ಜೊತೆಗೆ ವರ್ಷಗಳು. ನನ್ನ ಹತ್ತಿರ ಇಎಂಐ ಕಟ್ಟಿ ಮಿಗುವ ದುಡ್ಡು ಅಷ್ಟರಲ್ಲೇ ಇತ್ತು. ಆಗ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ತಾಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗು ಅಂದರು. ಅದು ಬಡವರಿಗೆ ಅಲ್ವಾ, ನನಗೆ ಸಂಬಳ ಇದೆ ಅಂದೆ. ತಪ್ಪು ತಿಳಿದಿದ್ದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯದ ಮಿತಿ ಇಲ್ಲ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಇನ್ನೂ ಕೆಲವರಿಗೆ ಹಾಗೇ. ಉಳಿದ ಗಂಡಸರಿಗೆ ಆದಾಯ ನೋಡುತ್ತಾರೆ. ಸಹಾಯವಾಣಿ ನಂಬರ್ 15100.

ಅಲ್ಲಿ ಸಿಕ್ಕ ವಕೀಲರು ನನಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೇ. ನನ್ನ ಕಥೆ ಶುರು ಮಾಡಿದ ಕೂಡಲೇ "ಗೊತ್ತಾಯ್ತು ಬಿಡಿ" ಅಂದು ಪಟ್ಟಿ ಕೇಳಿದರು. ಅರ್ಜಿ, ಆಧಾರ್ ಜೆರಾಕ್ಸ್, ನೋಟಿಸ್ ಮತ್ತು ಉತ್ತರದ ಪ್ರತಿ, ಸ್ಟೇಟ್‌ಮೆಂಟ್, ಚಾಟಿನ ಪ್ರಿಂಟ್. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ಗೆ ಹಾಕೋಣ ಅಂದರು. ಕೋರ್ಟ್ ಫೀ ಇಲ್ಲ. ಇಬ್ಬರೂ ಒಪ್ಪಿ ರಾಜಿ ಆದರೆ ಆ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ಕೋರ್ಟಿನ ತೀರ್ಪಿನ ಆದೇಶದಷ್ಟೇ ಬಲ, ಅದರ ಮೇಲೆ ಅಪೀಲಿಲ್ಲ. ಒಪ್ಪದಿದ್ದರೆ ಏನೂ ಕಳೆದುಕೊಂಡ ಹಾಗಾಗಲ್ಲ, ದಾವೆ ಹಾಕುವ ದಾರಿ ಹಾಗೇ ಇರುತ್ತೆ. ಒಂದೇ ತೊಂದರೆ, ಅಲ್ಲಿಂದ ನೋಟಿಸ್ ಹೋದರೂ ಅವನು ಬರಲೇಬೇಕು ಅಂತಿಲ್ಲ.

ಮೊದಲ ತಾರೀಕಿಗೆ ಬರಲಿಲ್ಲ. ನಾನು ನೈಟ್ ಮುಗಿಸಿ ಹಾಗೇ ಹೋಗಿದ್ದೆ, ಹತ್ತೂವರೆಯಿಂದ ನಾಲ್ಕರವರೆಗೆ. ಕಾರಿಡಾರಿನಲ್ಲಿ ಜಮೀನಿನ ಜಗಳದವರು, ಜೀವನಾಂಶದವರು, ಚೆಕ್ ಬೌನ್ಸಿನವರು. ಪ್ರತಿ ಸಲ ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಎದೆ ಡವಡವ. ಅವನು ಬರಬಾರದು ಅಂತಲೂ ಅನ್ನಿಸುತ್ತಿತ್ತು, ಅದು ವಿಚಿತ್ರ. ಸಂಜೆ ಮುಂದಿನ ತಾರೀಕು ಬರೆದುಕೊಂಡು ಬಸ್ ಹತ್ತಿದೆ. ಸೀಟಲ್ಲೇ ನಿದ್ದೆ ಹೋಗಿ ಎರಡು ಸ್ಟಾಪ್ ಮುಂದೆ ಹೋದೆ.

ಮತ್ತೆ ಎರಡೂವರೆ ತಿಂಗಳು ಕಾದೆ. ಅಷ್ಟರಲ್ಲಿ ನಮ್ಮ ವಕೀಲರು ಅವನ ವಕೀಲರಿಗೆ ಫೋನ್ ಮಾಡಿ ಆ 10,000ದ ಮೆಸೇಜ್ ಬಗ್ಗೆ ಹೇಳಿದ್ದರಂತೆ. ದಾವೆ ಆದರೆ ಬಡ್ಡಿ, ಖರ್ಚು ಎಲ್ಲ ಸೇರಿಸಿ ಕೇಳ್ತೀವಿ ಅಂದಿದ್ದರಂತೆ. ಎರಡನೇ ತಾರೀಕಿಗೆ ಬಂದ.

ಒಂದು ಮೇಜು, ಆ ಕಡೆ ನ್ಯಾಯಾಧೀಶರು ಮತ್ತು ಸಂಧಾನಕಾರರಾಗಿ ಒಬ್ಬ ವಕೀಲರು. ನನ್ನ ಹಳೇ ಬಯ್ಗುಳದ ಪ್ರಿಂಟು ಅವನು ತಂದಿದ್ದ. ನ್ಯಾಯಾಧೀಶರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇದೆಲ್ಲ ಬರೀಬಾರದಮ್ಮಾ" ಅಂದರು. ನಾಚಿಕೆಯಿಂದ ನೆಲ ನೋಡಿದೆ. ಆಮೇಲೆ ಅವನ ಕಡೆ ತಿರುಗಿ ಆ 10,000ದ ಮೆಸೇಜ್ ಇಟ್ಟು, "ಲೋನಿನ ಉಳಿದಿದ್ದು ಅಂದ್ರೆ ಏನಪ್ಪಾ?" ಅಂತ ಕೇಳಿದರು. ಅವನು ಅದು ಹಾಗಲ್ಲ, ಹೀಗೆ ಅಂತ ಏನೋ ಹೇಳಿದ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು.

ಅವನು 1 ಲಕ್ಷದಿಂದ ಶುರು ಮಾಡಿದ. ನಮ್ಮದು 2,65,000. ಒಂದು ಗಂಟೆ ಹಗ್ಗಜಗ್ಗಾಟ. ನಾನು ಬಡ್ಡಿ ಬಿಟ್ಟೆ, ಆಮೇಲೆ 45,000 ಬಿಟ್ಟೆ. ಬಿಡುವಾಗ ನನ್ನ ಇಷ್ಟು ತಿಂಗಳ ನೈಟ್ ಡ್ಯೂಟಿ ಕಣ್ಣ ಮುಂದೆ ಬಂತು. ಆದರೆ ಕೋರ್ಟಿನಲ್ಲಿ ಮೂರು ನಾಲ್ಕು ವರ್ಷ ಅವನ ಮುಖ ನೋಡುವುದಕ್ಕಿಂತ ಇದು ಅಗ್ಗ ಅನ್ನಿಸಿತು. 2,20,000ಕ್ಕೆ ನಿಂತಿತು. ಅಲ್ಲೇ 40,000, ಉಳಿದದ್ದು ತಿಂಗಳಿಗೆ 20,000ದ ಹಾಗೆ 9 ಕಂತು. ನಮ್ಮ ವಕೀಲರು ಎರಡು ಷರತ್ತು ಬರೆಸಿದರು, ನೀವೂ ಮರೆಯದೆ ಬರೆಸಿ. ದುಡ್ಡು ಬ್ಯಾಂಕ್ ಅಕೌಂಟಿಗೇ ಬರಬೇಕು, ಕೈಗಲ್ಲ. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು.

40,000 ಕಳಿಸೋಕೆ ಅವನು ಜೇಬಿನಿಂದ ಫೋನ್ ತೆಗೆದ. ನಾನು ಕೊಡಿಸಿದ ಫೋನು. ಹಿಂದಿನ ಕವರು ಕೂಡ ಅದೇ, ಮೂಲೆಯಲ್ಲಿ ಮಾತ್ರ ಸೀಳಿತ್ತು. ಪಿನ್ ಒತ್ತುವಾಗ ಬೆರಳು ನಡುಗಿ ಒಮ್ಮೆ ತಪ್ಪಾಯಿತು. ನನ್ನ ಬ್ಯಾಗಿನೊಳಗೆ ಮೆಸೇಜಿನ ಸದ್ದು ಕೇಳಿಸಿತು. "ಬಂತಾಮ್ಮಾ?" ಅಂದರು ನ್ಯಾಯಾಧೀಶರು. ಬಂತು ಸರ್ ಅಂದೆ. ಸಹಿ ಹಾಕಿ ಹೊರಗೆ ಬಂದಾಗ ಅವನು ಮೆಟ್ಟಿಲ ಹತ್ತಿರ ನಿಂತು, "ಇಷ್ಟೆಲ್ಲ ಮಾಡಬೇಕಿತ್ತಾ?" ಅಂದ. ಉತ್ತರ ಕೊಡಬೇಡಿ ಅಂತ ವಕೀಲರು ಮೊದಲೇ ಹೇಳಿದ್ದರು. ಕೊಡಲಿಲ್ಲ.

ಎರಡು ಕಂತು ಸರಿಯಾಗಿ ಬಂತು. ಮೂರನೆಯದು ಬರಲಿಲ್ಲ. ಹದಿನೈದು ದಿನ ಕಾದು ವಕೀಲರಿಗೆ ಹೇಳಿದೆ. ತೀರ್ಪು ಡಿಕ್ರಿ ಇದ್ದ ಹಾಗೆ ಅಲ್ವಾ, ಅದನ್ನು ಜಾರಿ ಮಾಡಿಸೋಕೆ ಅಮಲ್ಜಾರಿ ಅರ್ಜಿ ಹಾಕ್ತೀವಿ, ಬೈಕೋ ಅಕೌಂಟೋ ಜಪ್ತಿಗೆ ಕೇಳ್ತೀವಿ ಅಂತ ಒಂದು ಪತ್ರ ಕಳಿಸಿದರು. ಮೂರು ದಿನದಲ್ಲಿ ಬಂತು. ತೀರ್ಪಿನ ದೃಢೀಕೃತ ನಕಲು ಮೊದಲೇ ತೆಗೆದಿಟ್ಟದ್ದಕ್ಕೆ ಆ ಪತ್ರ ಅಷ್ಟು ಬೇಗ ಹೋಯಿತು. ನೀವೂ ಆ ದಿನವೇ ನಕಲಿಗೆ ಅರ್ಜಿ ಹಾಕಿ.

ನನ್ನ ಕೈಯಿಂದ ಖರ್ಚಾದದ್ದು: ನೋಟಿಸ್ 2,500, ಪ್ರಿಂಟು, ಜೆರಾಕ್ಸ್, ಅಂಚೆ, ಬಸ್ಸು ಎಲ್ಲ ಸೇರಿ ಸುಮಾರು 1,800, ಆರು ದಿನದ ರಜೆ. ಸಾಲದ ಬಡ್ಡಿ ಬೇರೆ, ಅದನ್ನು ಯಾರೂ ಕೊಡಲಿಲ್ಲ. ಪ್ರೀತಿಯ ಲೆಕ್ಕ ಇದರಲ್ಲಿ ಸೇರಿಲ್ಲ ಅಂತ ಗೆಳತಿಯೊಬ್ಬಳು ತಮಾಷೆ ಮಾಡಿದಳು. ಅದು ಎರಡನೇ ಪಟ್ಟಿಗೆ ಹೋಯಿತು, ಗಿಫ್ಟಿನದಕ್ಕೆ ಅಂದೆ.

ಅವನಿಂದ ಬಂದ ಕಂತುಗಳನ್ನು ಮುಟ್ಟದೆ ಇಟ್ಟಿದ್ದೆ. ಎರಡು ವಾರದ ಹಿಂದೆ ಒಂಬತ್ತನೆಯದೂ ಬಂತು, ಷರಾದ ಜಾಗ ಖಾಲಿ. ಮಾರನೇ ದಿನವೇ ಬ್ಯಾಂಕಿಗೆ ಹೋದೆ. 22 ಇಎಂಐ ಕಟ್ಟಿಯಾಗಿತ್ತು, ಅಸಲು 87,000 ಚಿಲ್ಲರೆ ಬಾಕಿ. ಅವಧಿಗೆ ಮೊದಲೇ ಮುಗಿಸುವ ಶುಲ್ಕ ಸೇರಿಸಿ ಅಷ್ಟೂ ಕಟ್ಟಿದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡುತ್ತಾ, "ಮದುವೆ ಸಾಲ ಅಲ್ವಾ ಮೇಡಂ? ಬೇಗ ತೀರಿಸಿಬಿಟ್ರಿ" ಅಂದು ನಕ್ಕರು.

ಹೂಂ ಅಂದೆ. ಬಾಕಿ ಇಲ್ಲ ಅನ್ನುವ ಪತ್ರ 15 ದಿನದಲ್ಲಿ ಮನೆಗೆ ಬರುತ್ತದಂತೆ. ಇನ್ನೂ ಬಂದಿಲ್ಲ, ಸೋಮವಾರ ಹೋಗಿ ವಿಚಾರಿಸಬೇಕು.